ಅಂಕ ತಾರದ ರೈಡರ್‌ನನ್ನು ಮತ್ತೆ ಲಯಕ್ಕೆ ತರುವುದು ಹೇಗೆ?

ಮಂಡ್ಯ ಜಿಲ್ಲೆಯಲ್ಲಿ ಊರಹಬ್ಬ, ಗಣೇಶೋತ್ಸವ, ರಾಜ್ಯೋತ್ಸವಗಳ ಹೆಸರಿನಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಯುತ್ತಲೇ ಇರುತ್ತದೆ. ನಿನ್ನೆಯವರೆಗೆ ತಂಡವನ್ನು ಗೆಲ್ಲಿಸುತ್ತಿದ್ದು, ಈಗ ಪಂದ್ಯದ ಮೇಲೆ ಪಂದ್ಯ ಬರಿಗೈಯಲ್ಲಿ ಹಿಂದಿರುಗುವ ರೈಡರ್ (ಎದುರಾಳಿಯ ಅಂಗಳಕ್ಕೆ ನುಗ್ಗಿ ಅಂಕ ತರುವವ) ಒಬ್ಬನಾದರೂ ಅಲ್ಲಿ ಕಣ್ಣಿಗೆ ಬೀಳುತ್ತಾನೆ. ಅವನನ್ನು ಸರಿಪಡಿಸುವ ನೆಪದಲ್ಲಿ ತಂಡದವರು ಮಾಡುವುದು ಎರಡೇ ಕೆಲಸ: ಗೆರೆಯಾಚೆ ನಿಂತು ‘ಒಳಕ್ಕೆ ನುಗ್ಲಾ’ ಎಂದು ಕೂಗುವುದು, ಇಲ್ಲವೇ ಬೆಂಚಿನಲ್ಲಿ ಕೂರಿಸಿ ಮರೆತುಬಿಡುವುದು. ಎರಡರಿಂದಲೂ ಆಟ ಇನ್ನಷ್ಟು ಕೆಡುತ್ತದೆ. ಧೈರ್ಯ ತುಂಬುವ ಮಾತನ್ನು ಬದಿಗಿಟ್ಟು ಕಾಲಿನ ಚಲನೆಯಿಂದ ಕೆಲಸ ಆರಂಭಿಸಿದರೆ, ಅಂಕ ಬರಲು ತೊಡಗಿದ ಮೇಲೆ ಧೈರ್ಯಕ್ಕೆ ಬೇರೆ ಉಪಾಯ ಬೇಕಾಗುವುದಿಲ್ಲ.

ಮೊದಲ ಹಂತ ಚಿಕ್ಕದು. ಮೊಣಕಾಲು, ಹಿಮ್ಮಡಿ, ಭುಜಗಳಲ್ಲಿ ನೋವಿದೆಯೇ ಎಂದು ಒಬ್ಬನೇ ಇರುವಾಗ ಕೇಳಿ. ಇದ್ದರೆ ಮೂಳೆ ವೈದ್ಯರಿಗೆ ತೋರಿಸಿ, ಅವರು ಒಪ್ಪುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ನೋವು ಮರೆಸುವ ಸ್ಪ್ರೇ ಹೊಡೆದು ಅಂಕಣಕ್ಕಿಳಿಸುವ ಅಡ್ಡದಾರಿಯನ್ನಂತೂ ಹಿಡಿಯಲೇಬಾರದು. ಅಗ್ಗದ ನೀ ಕ್ಯಾಪ್ ಕೆಲವೇ ದಿನಗಳಲ್ಲಿ ಸಡಿಲವಾಗುತ್ತದೆ. ಅದನ್ನು ಮೇಲೆಳೆದುಕೊಳ್ಳುತ್ತಲೇ ರೈಡ್‌ಗೆ ಹೋಗುವ ಹುಡುಗನ ಗಮನ ಎದುರಾಳಿಯ ಮೇಲೆ ಉಳಿಯುವುದಾದರೂ ಹೇಗೆ? ಜಿಮ್‌ಗಳಲ್ಲಿ ಕೈಗಿಡುವ, ಲೇಬಲ್ ಇಲ್ಲದ ಪುಡಿ ಡಬ್ಬಗಳ ಹತ್ತಿರವೂ ಸುಳಿಯಬೇಡಿ.

ಎರಡನೆಯದು ದಾಖಲೆ. ಅವನ ತಂಡದ ಅಂಗಳದ ಹಿಂದಿನಿಂದ, ಸ್ವಲ್ಪ ಎತ್ತರದಲ್ಲಿ ಫೋನ್ ಹಿಡಿದು ಎರಡು ಪಂದ್ಯಗಳ ವಿಡಿಯೊ ಮಾಡಿಕೊಂಡು, ಪ್ರತಿ ರೈಡ್‌ನಲ್ಲಿ ಯಾವ ಬದಿಯಿಂದ ಹೋದ, ರೈಡರ್ ದಾಟಲೇಬೇಕಾದ ಬಾಕ್ ಲೈನ್ ದಾಟಿದನೇ, ಎಷ್ಟನೇ ಸೆಕೆಂಡಿನಲ್ಲಿ ಯಾರ ಕೈಗೆ ಸಿಕ್ಕ ಎಂಬುದನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ. ಪುರುಷರ ಅಂಕಣದಲ್ಲಿ ನಡುಗೆರೆಯಿಂದ ಬಾಕ್ ಲೈನ್‌ಗೆ 3.75 ಮೀಟರ್, ಅಲ್ಲಿಂದ ಬೋನಸ್ ಲೈನ್‌ಗೆ 1 ಮೀಟರ್. ರೈಡ್‌ಗೆ ಇರುವುದು 30 ಸೆಕೆಂಡ್. ಲಯ ತಪ್ಪಿದವನು ಈ ಸಮಯದ ಬಹುಪಾಲನ್ನು ಬಾಕ್ ಲೈನ್‌ನ ಆಸುಪಾಸಿನಲ್ಲೇ ಕಳೆದು, ಕೊನೆಯ ಕ್ಷಣದಲ್ಲಿ ದಿಕ್ಕು ನೋಡದೆ ನುಗ್ಗುತ್ತಾನೆ. ಈ ವಿಡಿಯೊವನ್ನು ತಂಡದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವವರಿದ್ದಾರೆ; ಅದಕ್ಕಿಂತ ವಿಡಿಯೊ ಮಾಡದಿರುವುದೇ ಮೇಲು.

ಎಲ್ಲರೂ ಎಡವುವುದು ಮೂರನೆಯ ಹಂತದಲ್ಲಿ, ಅಂದರೆ ಅಭ್ಯಾಸದಲ್ಲಿ. ಮೊದಲು ಖಾಲಿ ಅಂಕಣದಲ್ಲಿ ಅವನ ಹಿಂದಿನ ಪಾದವನ್ನು ಗಮನಿಸಿ. ಹೆದರಿದ ರೈಡರ್‌ನ ಹಿಂದಿನ ಪಾದದ ಬೆರಳುಗಳು ಒಳಗೆ ಹೋಗುವ ಮೊದಲೇ ನಡುಗೆರೆಯತ್ತ ತಿರುಗಿರುತ್ತವೆ, ದೇಹದ ಭಾರ ಹಿಮ್ಮಡಿಗೆ ಇಳಿದಿರುತ್ತದೆ, ಕಣ್ಣು ಅಂಕಣದ ಅಂಚಿನಲ್ಲಿ ನಿಲ್ಲುವ ಒಬ್ಬನೇ ಕಾರ್ನರ್ ಆಟಗಾರನ ಕೈಗೆ ಅಂಟಿಕೊಂಡಿರುತ್ತದೆ. ಅನುಭವಿ ಕಾರ್ನರ್‌ಗೆ ಇಷ್ಟೇ ಸಾಕು. ಇವನು ಹಿಂದಿರುಗುವ ಕ್ಷಣ ಅವನಿಗೆ ಮೊದಲೇ ತಿಳಿದಿರುತ್ತದೆ. ಹಿಮ್ಮಡಿ ನೆಲದಿಂದ ತುಸು ಎದ್ದಿರುವಂತೆ, ಮೊಣಕಾಲು ಬಾಗಿರುವಂತೆ, ಹಿಂದಿನ ಪಾದ ಅಡ್ಡಲಾಗಿರುವಂತೆ ಚಿಕ್ಕ ಚಿಕ್ಕ ಹೆಜ್ಜೆಗಳಲ್ಲಿ ಬಾಕ್ ಲೈನ್ ದಾಟಿ ಬರುವುದನ್ನು ರೂಢಿ ಮಾಡಿಸಿ. ನೋಟ ಎದುರಾಳಿಯ ಕೈಯ ಮೇಲಿರದೆ ಸೊಂಟದ ಮೇಲಿರಲಿ. ಕೈ ಮೋಸ ಮಾಡುತ್ತದೆ, ಸೊಂಟ ಮಾಡುವುದು ಕಡಿಮೆ.

ಅನಂತರ ಎದುರಾಳಿಗಳನ್ನು ನಿಲ್ಲಿಸಬೇಕು. ಅನುಕಂಪದಿಂದ ಅವರಿಗೆ ‘ಸ್ವಲ್ಪ ಬಿಟ್ಟುಕೊಡ್ರೋ’ ಎಂದು ಕಣ್ಸನ್ನೆ ಮಾಡುವ ತರಬೇತುದಾರರೇ ಹೆಚ್ಚು. ಬಿಟ್ಟುಕೊಟ್ಟ ಅಂಕ ಯಾವುದೆಂದು ಆಟಗಾರನಿಗೆ ಮುಟ್ಟಿದಾಗಲೇ ಗೊತ್ತಾಗುತ್ತದೆ, ಉಳಿದಿದ್ದ ವಿಶ್ವಾಸವೂ ಅಲ್ಲಿಗೆ ಹೋಗುತ್ತದೆ. ಹಿಡಿಯುವವರು ಪೂರ್ತಿ ಬಲದಿಂದಲೇ ಹಿಡಿಯಲಿ. ಅವರ ಸಂಖ್ಯೆಯನ್ನೂ ಅಂಕಣದ ಅಗಲವನ್ನೂ ಮಾತ್ರ ಕಡಿಮೆ ಮಾಡಿ. ಸುಣ್ಣದ ಗೆರೆ ಎಳೆದು ಅಂಕಣವನ್ನು ಉದ್ದಕ್ಕೆ ಸೀಳಿ, ಒಂದು ಭಾಗದಲ್ಲಿ ಒಬ್ಬ ಕಾರ್ನರ್, ಅವನ ಪಕ್ಕದವ, ಇಬ್ಬರನ್ನೇ ನಿಲ್ಲಿಸಿ. ರೈಡರ್‌ಗೆ ಇರುವ ಕೆಲಸ ಒಂದೇ: 15 ಸೆಕೆಂಡಿನೊಳಗೆ ಬಾಕ್ ಲೈನ್ ದಾಟಿ, ಟೋ ಟಚ್‌ಗೆ (ಕಾಲ್ಬೆರಳಿನಿಂದ ಎದುರಾಳಿಯನ್ನು ಮುಟ್ಟಲು) ಒಮ್ಮೆ ಪ್ರಯತ್ನಿಸಿ ಹಿಂದಿರುಗುವುದು. ಇದು ಸಲೀಸಾದ ಮೇಲೆ ಒಳಬದಿಯಲ್ಲಿ ನಿಲ್ಲುವ ಕವರ್ ಆಟಗಾರನನ್ನು ಸೇರಿಸಿ, ಕೊನೆಗೆ ಏಳೂ ಜನರನ್ನು ನಿಲ್ಲಿಸಿ. ಆಗ ಬೋನಸ್ ಅಭ್ಯಾಸಕ್ಕೆ ಹೆಚ್ಚು ಹೊತ್ತು ಕೊಡಿ. ಎದುರಿಗೆ ಆರು ಅಥವಾ ಹೆಚ್ಚು ಜನರಿರುವಾಗ, ಹಿಂದಿನ ಕಾಲು ಗಾಳಿಯಲ್ಲಿದ್ದು ಮುಂದಿನ ಪಾದ ಬೋನಸ್ ಲೈನನ್ನು ಪೂರ್ತಿ ದಾಟಿದರೆ ಯಾರನ್ನೂ ಮುಟ್ಟದೆಯೇ ಒಂದು ಅಂಕ ಸಿಗುತ್ತದೆ; ಸೋತವನಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ.

ಇದೇ ಹಂತದಲ್ಲಿ ಸಿಕ್ಕಿಬೀಳುವುದನ್ನೂ ಅಭ್ಯಾಸ ಮಾಡಿಸಬೇಕು. ಇದನ್ನು ಬಿಟ್ಟುಬಿಡುವ ತಂಡಗಳೇ ಹೆಚ್ಚು. ಮ್ಯಾಟ್ ಮೇಲೆ ಅಥವಾ ಚೆನ್ನಾಗಿ ಅಗೆದು ಹದ ಮಾಡಿದ ಮಣ್ಣಿನ ಮೇಲೆ, ನಡುಗೆರೆಯಿಂದ ಒಂದು ಮಾರು ದೂರದಲ್ಲಿ ರೈಡರ್‌ನನ್ನು ನಿಲ್ಲಿಸಿ, ಜೊತೆಗಾರ ಅವನ ಹಿಮ್ಮಡಿಯನ್ನು ಮೊದಲೇ ಬಿಗಿಯಾಗಿ ಹಿಡಿದುಕೊಂಡಿರಲಿ. ಸೀಟಿ ಊದಿದ ಕೂಡಲೇ ಅವನು ಕಾಲನ್ನು ಹೇಗೆಂದರೆ ಹಾಗೆ ಕೊಡವದೆ, ಸೊಂಟ ತಗ್ಗಿಸಿ, ದೇಹವನ್ನು ನಡುಗೆರೆಯತ್ತ ಹೊರಳಿಸಿ ಕೈ ಚಾಚಬೇಕು. ದಿನದಿಂದ ದಿನಕ್ಕೆ ಈ ದೂರವನ್ನು ಹೆಚ್ಚಿಸಿ. ಹಿಡಿತ ಬಿದ್ದ ಮೇಲೂ ದಾರಿಯಿದೆ ಎಂದು ದೇಹಕ್ಕೆ ತಿಳಿದವನು ಬಾಕ್ ಲೈನ್ ಬಳಿ ನಿಂತು ಸಮಯ ಕಳೆಯುವುದಿಲ್ಲ. ಹಿಡಿಯಬಂದವರ ಕೈಗಳ ಕೆಳಗೆ ಬಾಗಿ ನುಸುಳುವ ಡುಬ್ಕಿಯನ್ನು ಈ ಅವಧಿಯಲ್ಲಿ ಪೂರ್ತಿ ನಿಷೇಧಿಸಿ. ಯೂಟ್ಯೂಬ್ ನೋಡಿ ಕಲಿತ ಡುಬ್ಕಿಯಿಂದ ಲಯ ಮರಳಿ ಬಂದದ್ದಕ್ಕಿಂತ ಕುತ್ತಿಗೆ ಉಳುಕಿದ್ದೇ ಜಾಸ್ತಿ.

ಇನ್ನು ಪಂದ್ಯ. ಇಲ್ಲಿ ಹೊಣೆ ನಾಯಕನದು. ಎರಡು ಖಾಲಿ ರೈಡ್‌ಗಳ ನಂತರ ಬರುವ, ಅಂಕ ತರದಿದ್ದರೆ ಔಟಾಗುವ ‘ಮಾಡು ಇಲ್ಲವೇ ಮಡಿ’ ರೈಡ್‌ಗೆ ಮೊದಲರ್ಧದಲ್ಲಿ ಇವನನ್ನು ಕಳುಹಿಸಬಾರದು. ಎದುರಿಗೆ ಏಳು ಜನರಿದ್ದು ಬೋನಸ್ ತೆರೆದಿರುವಾಗ ಕಳುಹಿಸಬೇಕು, ಒಮ್ಮೆ ಔಟಾದನೆಂದು ಬದಲಿ ಆಟಗಾರನನ್ನು ಇಳಿಸಬಾರದು. ಸತತ ಅವಕಾಶದ ಬೆಲೆ ಏನೆಂಬುದಕ್ಕೆ ರೈಡರ್ ಪವನ್ ಸೆಹ್ರಾವತ್ ಉದಾಹರಣೆ. ಪ್ರೊ ಕಬಡ್ಡಿಯ 5ನೇ ಆವೃತ್ತಿಯಲ್ಲಿ ಗುಜರಾತ್ ಪರ ಹೆಚ್ಚೇನೂ ಆಡಲು ಸಿಗದಿದ್ದ ಅವರು, ಮರು ಆವೃತ್ತಿಯಲ್ಲಿ ಬೆಂಗಳೂರು ಬುಲ್ಸ್‌ಗೆ ಮರಳಿ 271 ರೈಡ್ ಅಂಕ ಗಳಿಸಿದರು. 2019ರ ಜನವರಿ 5ರ ಫೈನಲ್‌ನಲ್ಲಿ ಅದೇ ಗುಜರಾತ್ ವಿರುದ್ಧ ಅವರೊಬ್ಬರೇ 22 ಅಂಕ ತಂದು ಬುಲ್ಸ್‌ಗೆ ಮೊದಲ ಪ್ರಶಸ್ತಿ ದೊರಕಿಸಿದರು. ಪ್ರತಿಭೆ ಮೊದಲೂ ಇತ್ತು, ಅಂಕಣದಲ್ಲಿ ಕಳೆಯುವ ಸಮಯ ಇರಲಿಲ್ಲ.

ಮರಳುವ ಪಂದ್ಯವನ್ನು ಆರಿಸುವಾಗಲೂ ಎಚ್ಚರ ಬೇಕು. ಸಾಧ್ಯವಾದರೆ ಹಗಲಿನಲ್ಲಿ, ಮಂಡ್ಯದ ಸರ್ ಎಂ.ವಿ. ಕ್ರೀಡಾಂಗಣದಲ್ಲೋ ಮೈಸೂರಿನ ಚಾಮುಂಡಿ ವಿಹಾರದಲ್ಲೋ ಅಭ್ಯಾಸ ಪಂದ್ಯವೊಂದನ್ನು ಗೊತ್ತುಮಾಡಿಕೊಳ್ಳಿ. ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಸರದಿ ಬರುವುದು ನಡುರಾತ್ರಿ ದಾಟಿದ ಮೇಲೆ. ಅಷ್ಟು ಹೊತ್ತು ಚಳಿಯಲ್ಲಿ ಕೂತು ಬಿಗಿದ ಕಾಲಿನಲ್ಲಿ ಮೇಲೆ ಹೇಳಿದ ಯಾವ ಹೆಜ್ಜೆಯೂ ಬರುವುದಿಲ್ಲ. ಅಲ್ಲಿಯೇ ಆಡಿಸಬೇಕಾಗಿ ಬಂದರೆ ಹಿಂದಿನ ಪಂದ್ಯದ ದ್ವಿತೀಯಾರ್ಧ ಆರಂಭವಾದೊಡನೆ ಅವನನ್ನು ಎಬ್ಬಿಸಿ, ಬೆವರು ಬರುವವರೆಗೆ ಓಡಿಸಿ, ಹಿಮ್ಮಡಿ ಹಿಡಿತದ ಅಭ್ಯಾಸವನ್ನು ನಾಲ್ಕೈದು ಸಲ ಮಾಡಿಸಿಯೇ ಅಂಕಣಕ್ಕೆ ಇಳಿಸಿ.