ಕಾನ್‌ಕುನ್‌ಗೆ ಹೊರಟಿದ್ದೀರಾ? ಮೊದಲು ಪೇಸೊ ಲೆಕ್ಕ ಕಲಿಯಿರಿ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದವರು ರಜೆ ನೋಡಿಕೊಂಡು ಮೆಕ್ಸಿಕೊದ ಕಾನ್‌ಕುನ್‌ಗೂ ಹೋಗಿಬರುವುದು ಈಗ ಮಾಮೂಲು. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಭಾರತೀಯರಿಗೆ ಮೆಕ್ಸಿಕೊ ವೀಸಾ ಬೇಕಿಲ್ಲ. ಸಮುದ್ರ ಸೊಗಸಾಗಿದೆ, ಜನರೂ ಒಳ್ಳೆಯವರು. ಆದರೂ ಹೋದವರಲ್ಲಿ ಬಹಳ ಮಂದಿ ಸುಮ್ನೆ ದುಡ್ಡು ಕಳೆದುಕೊಳ್ಳುವುದನ್ನು ನೋಡಿದ್ದೇನೆ. ಕಾರಣ ಒಂದೇ. ಅಲ್ಲಿ ಎಲ್ಲರೂ ಡಾಲರ್ ತಗೊಳ್ಳುತ್ತಾರೆ, ಹಾಗಾಗಿ ಇವರೂ ಅಲ್ಲಿಯ ಹಣವಾದ ಪೇಸೊ ಬಿಟ್ಟು ಡಾಲರ್‌ನಲ್ಲೇ ಕೊಡುತ್ತಾರೆ.

ಹಂತ 1: ವಿಮಾನ ನಿಲ್ದಾಣ ದಾಟುವುದು

ಕಸ್ಟಮ್ಸ್ ಮುಗಿದ ಮೇಲೆ ಹೊರಬಾಗಿಲಿಗೆ ಮುಂಚೆ ಒಂದು ಹಜಾರ ಸಿಗುತ್ತದೆ. ಕೌಂಟರ್‌ಗಳಲ್ಲಿ ನಿಂತವರು 'ಟ್ಯಾಕ್ಸಿ ಬೇಕಾ, ಯಾವ ಹೋಟೆಲ್' ಎಂದು ಕರೆಯುತ್ತಾರೆ. ಹೆಚ್ಚಿನವರು ಟೈಮ್‌ಶೇರ್, ಅಂದರೆ ವರ್ಷಕ್ಕೆ ಕೆಲವು ದಿನ ರೆಸಾರ್ಟ್‌ನಲ್ಲಿ ಉಳಿಯುವ ಪಾಲು ಮಾರುವವರು. ನಿಲ್ಲದೆ ನಡೆಯಿರಿ. ಅವರು ಕೊಡುವ ಅಗ್ಗದ ಟೂರ್‌ಗಾಗಿ ನಿಮ್ಮ ಒಂದು ಬೆಳಗು ಅವರ ಭಾಷಣ ಕೇಳುವುದರಲ್ಲೇ ಹೋಗುತ್ತದೆ. ಹೊರಗೆ ಮೊದಲೇ ಬುಕ್ ಮಾಡಿದ ವ್ಯಾನ್ ಹಿಡಿಯಿರಿ, ಇಲ್ಲವೇ ಎಡಿಒ ಎಂಬ ಕಂಪನಿಯ ಬಸ್ಸಿನಲ್ಲಿ ಊರೊಳಗೆ ಹೋಗಿ.

ಹಂತ 2: ದುಡ್ಡು ತೆಗೆಯುವುದು

ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಹಗಲು ಹೊತ್ತು ಬ್ಯಾಂಕ್ ಶಾಖೆಯ ಒಳಗಿರುವ ಎಟಿಎಂಗೆ ಹೋಗಿ. ಬಾರ್ ಪಕ್ಕ, ಅಂಗಡಿ ಮುಂದೆ ನಿಲ್ಲಿಸಿರುವ ಒಂಟಿ ಯಂತ್ರಗಳ ಸಹವಾಸ ಬೇಡ. ಅವುಗಳಲ್ಲಿ ಕೆಲವು ಡಾಲರ್ ನೋಟನ್ನೇ ಕೊಡುತ್ತವೆ. ಭಾರತದ ಕಾರ್ಡ್ ಆದರೆ ವಿದೇಶಿ ಬಳಕೆಯನ್ನು ಬ್ಯಾಂಕ್ ಆಪ್‌ನಲ್ಲಿ ಊರಿನಿಂದ ಹೊರಡುವ ಮುಂಚೆಯೇ ಆನ್ ಮಾಡಿ.

ಕಾರ್ಡ್ ಹಾಕಿ, ಪಿನ್ ಒತ್ತಿ, ಎಷ್ಟು ಪೇಸೊ ಬೇಕೋ ಹೇಳಿ. ಮೊದಲು ಯಂತ್ರದ ಶುಲ್ಕ ತೋರಿಸುತ್ತದೆ. ಕಡಿಮೆಯಿದ್ದರೆ ಒಪ್ಪಿಕೊಳ್ಳಿ. ಆಮೇಲೆ ಇನ್ನೊಂದು ಪರದೆ ಬರುತ್ತದೆ: ಒಂದು ಡಾಲರ್‌ಗೆ ಇಷ್ಟು ಪೇಸೊ, ನಿಮ್ಮ ಖಾತೆಯಿಂದ ಇಷ್ಟು ಡಾಲರ್ ಹೋಗುತ್ತದೆ, ಈ ಪರಿವರ್ತನೆ ಒಪ್ಪಿಗೆಯೇ ಅಂತ. ಇಲ್ಲಿ ಬೇಡ ಎನ್ನುವ ಬಟನ್ ಒತ್ತಿ. ಬೇಡ ಅಂದರೆ ಇಡೀ ವ್ಯವಹಾರವೇ ರದ್ದಾಗುತ್ತದೆ ಎಂದು ಹೆದರಿ ಜನ ಒಪ್ಪಿಬಿಡುತ್ತಾರೆ. ರದ್ದಾಗುವುದಿಲ್ಲ. ಹಣ ಬರುತ್ತದೆ, ದರ ಲೆಕ್ಕ ಹಾಕುವುದು ನಿಮ್ಮ ಬ್ಯಾಂಕ್, ಅಷ್ಟೇ. ಉದಾಹರಣೆಗೆ ಬ್ಯಾಂಕ್ ದರ ಡಾಲರ್‌ಗೆ 18 ಪೇಸೊ ಇದೆ, ಪರದೆ ಮೇಲೆ 16 ಇದೆ ಅಂದುಕೊಳ್ಳಿ. 6,000 ಪೇಸೊ ತೆಗೆದರೆ ಒಂದು ಕಡೆ ಸುಮಾರು 333 ಡಾಲರ್, ಇನ್ನೊಂದು ಕಡೆ 375. ಒಂದು ಬಟನ್‌ಗೆ 42 ಡಾಲರ್!

ಹೋಟೆಲ್, ಅಂಗಡಿಗಳ ಕಾರ್ಡ್ ಯಂತ್ರದಲ್ಲೂ ಇದೇ ಪ್ರಶ್ನೆ ಬರುತ್ತದೆ. 'ಎನ್ ಪೇಸೊಸ್, ಪೊರ್ ಫವೊರ್', ಅಂದರೆ ದಯವಿಟ್ಟು ಪೇಸೊದಲ್ಲಿ ಅನ್ನಿ, ಪರದೆ ನೋಡಿಯೇ ಪಿನ್ ಒತ್ತಿ.

ಇನ್ನೆರಡು ವಿಷಯ. ಮೆಕ್ಸಿಕೊದಲ್ಲಿ ಪೇಸೊಗೂ ಡಾಲರ್‌ ಚಿಹ್ನೆಯನ್ನೇ ಹಾಕುತ್ತಾರೆ. ಮೆನುವಿನಲ್ಲಿ ಆ ಚಿಹ್ನೆ, ಪಕ್ಕದಲ್ಲಿ 180 ಇದ್ದರೆ ಗಾಬರಿ ಬೇಡ, ಅದು ಪೇಸೊ. ಅನುಮಾನವಿದ್ದರೆ ಕೇಳಿ. ಎರಡನೆಯದು, 2018ರಲ್ಲಿ ಬಂದ 500ರ ನೋಟು ನೀಲಿ, ಮೇಲೆ ಬೆನಿತೊ ಹುವಾರೆಸ್ ಚಿತ್ರ. 20ರ ಹಳೆಯ ನೋಟೂ ನೀಲಿ, ಅದರ ಮೇಲೂ ಹುವಾರೆಸ್. 20ರದ್ದು ಚಿಕ್ಕದು, ಪ್ಲಾಸ್ಟಿಕ್, ಪಾರದರ್ಶಕ ಕಿಟಕಿ ಇರುತ್ತದೆ. ಟ್ಯಾಕ್ಸಿಯವರಿಗೆ 500 ಕೊಡುವಾಗ ಬಾಯಲ್ಲಿ ಅಂಕಿ ಹೇಳಿಯೇ ಕೊಡಿ.

ಹಂತ 3: ನೀರು ಮತ್ತು ಸುತ್ತಾಟ

ಹೋಟೆಲ್ ವಲಯ 7 ಅಂಕಿಯ ಆಕಾರದ ಉದ್ದ ಮರಳಪಟ್ಟಿ. ಬುಲೆವಾರ್ ಕುಕುಲ್ಕಾನ್ ರಸ್ತೆಯಲ್ಲಿ ವಿಳಾಸವೆಲ್ಲ ಕಿಲೋಮೀಟರ್ ಲೆಕ್ಕದಲ್ಲೇ. ಈಜು ಬಾರದವರು, ಮಕ್ಕಳಿರುವವರು ಉತ್ತರ ಬದಿಯ ಲಂಗೋಸ್ತಾ, ತೊರ್ತುಗಾಸ್ ಬೀಚ್‌ಗಳಲ್ಲೇ ಇರಿ, ಅಲ್ಲಿ ನೀರು ಶಾಂತ. ಫೋಟೊಗಳಲ್ಲಿ ಕಾಣುವ ಡೆಲ್ಫಿನೆಸ್ ಬೀಚ್ ಪೂರ್ವಕ್ಕಿದೆ, ಸೆಳೆತ ಜೋರು. ಕೆಂಪು ಬಾವುಟ ಇದ್ದರೆ ಮೊಣಕಾಲಷ್ಟು ನೀರಿಗೂ ಇಳಿಯಬೇಡಿ.

ಬೇಸಿಗೆಯಲ್ಲಿ ಸರ್ಗಾಸೊ ಎಂಬ ಕಂದು ಪಾಚಿ ದಡಕ್ಕೆ ರಾಶಿ ಬೀಳುವುದುಂಟು. ಆಗ ಪುಯೆರ್ತೊ ಹುವಾರೆಸ್‌ನಿಂದ ದೋಣಿ ಹತ್ತಿ ಇಸ್ಲಾ ಮುಹೇರೆಸ್ ದ್ವೀಪದ ಉತ್ತರದ ಬೀಚ್‌ಗೆ ಹೋಗಿ. ಒಂದೇ ದಿನ ಇದ್ದರೆ ನಾನು ಹೇಳುವುದು ಈ ದ್ವೀಪವನ್ನೇ.

ಮಾಯಾ ಜನರ ಪುರಾತನ ನಗರ ಚಿಚೆನ್ ಇಟ್ಸಾ ಸುಮಾರು 200 ಕಿ.ಮೀ. ದೂರ. ಅದಿರುವ ಯುಕಾಟಾನ್ ರಾಜ್ಯದ ಗಡಿಯಾರ ಕಾನ್‌ಕುನ್‌ಗಿಂತ ಒಂದು ಗಂಟೆ ಹಿಂದೆ. ಬೆಳಿಗ್ಗೆ 6:30ಕ್ಕೆ ಹೊರಟು ಎರಡೂವರೆ ಗಂಟೆ ಪ್ರಯಾಣ ಮಾಡಿದರೆ ಅಲ್ಲಿ 8 ಗಂಟೆ, ಟೂರ್ ಬಸ್ಸುಗಳ ಜನ ಬರುವ ಮುಂಚೆ ಒಳಗಿರುತ್ತೀರಿ. ಪಿರಮಿಡ್ ಹತ್ತಲು ಬಿಡುವುದಿಲ್ಲ. ದಾರಿಯಲ್ಲಿ ಸೆನೋತೆ, ಅಂದರೆ ಸುಣ್ಣಕಲ್ಲು ಕುಸಿದು ಆದ ಸಿಹಿನೀರಿನ ಹೊಂಡಕ್ಕೆ ಇಳಿಯುವುದಿದ್ದರೆ ಸನ್‌ಸ್ಕ್ರೀನ್ ತೊಳೆದು ಇಳಿಯಿರಿ. ಆ ಎಣ್ಣೆ ನೀರಿನಲ್ಲೇ ಉಳಿದುಬಿಡುತ್ತದೆ.

ಹಂತ 4: ಶಾಪಿಂಗ್

ಊರೊಳಗಿನ ಮೆರ್ಕಾದೊ 28 ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಲೇಬೇಕು. ಅವರು ಹೇಳುವ ಬೆಲೆಯ ಅರ್ಧದಿಂದ ಶುರು ಮಾಡಿ, ಪೇಸೊದಲ್ಲೇ ಮಾತಾಡಿ, ನಗುತ್ತಾ ಮಾತಾಡಿ.

ಬೆಳ್ಳಿ ಕೊಳ್ಳುವಾಗ ಎಚ್ಚರ. ಒಡವೆಯ ಒಳಬದಿಯಲ್ಲಿ 925 ಮುದ್ರೆ (ಶೇ 92.5 ಬೆಳ್ಳಿ ಎಂದರ್ಥ) ನೋಡಿ, ಗ್ರಾಂಗೆ ಎಷ್ಟು ಎಂದು ಕೇಳಿ, ಎದುರಿಗೇ ತೂಗಿಸಿ. ಅಲ್ಪಾಕಾ ಎಂದು ಮಾರುವುದು ನಮ್ಮೂರಿನ ಜರ್ಮನ್ ಸಿಲ್ವರ್. ತಾಮ್ರ, ನಿಕ್ಕಲ್, ಸತು ಅಷ್ಟೇ, ಬೆಳ್ಳಿ ಚೂರೂ ಇಲ್ಲ. ಅಯಸ್ಕಾಂತ ಹಿಡಿದು ನೋಡುವ ಉಪಾಯ ಇದಕ್ಕೆ ನಡೆಯುವುದಿಲ್ಲ, ಎರಡೂ ಅಂಟುವುದಿಲ್ಲ ಅಲ್ವಾ? ಬೀಚಿನ ಮೇಲೆ ತಟ್ಟೆ ಹಿಡಿದು ಬರುವವರ ಬಳಿ ಬೆಳ್ಳಿ ಬೇಡವೇ ಬೇಡ.

ದೊಡ್ಡ ಬಾಟಲಿಯ ಅಗ್ಗದ ವೆನಿಲಾವನ್ನೂ ಮುಟ್ಟಬೇಡಿ. ಅಂಥದರಲ್ಲಿ ಕೂಮರಿನ್ ಎಂಬ ಸುವಾಸನೆಯ ರಾಸಾಯನಿಕ ಇರಬಹುದು, ಅದನ್ನು ಆಹಾರಕ್ಕೆ ಸೇರಿಸುವುದನ್ನು ಅಮೆರಿಕ 1954ರಲ್ಲೇ ನಿಷೇಧಿಸಿದೆ. ಆಮೆ ಚಿಪ್ಪಿನ ಸಾಮಾನು ಕೊಂಡರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುತ್ತೀರಿ.

ಹಂತ 5: ರಾತ್ರಿ

ಕ್ಲಬ್‌ಗಳೆಲ್ಲ 9ನೇ ಕಿಲೋಮೀಟರ್ ಹತ್ತಿರ, ಪುಂಟಾ ಕಾನ್‌ಕುನ್‌ನಲ್ಲಿ. ಕೋಕೊ ಬೊಂಗೊದಲ್ಲಿ ಸರ್ಕಸ್ ಸಾಹಸದ ಷೋ ಇದೆ, ಕುಣಿಯದವರೂ ಕೂತು ನೋಡಬಹುದು. ಟಿಕೆಟನ್ನು ರಸ್ತೆಯಲ್ಲಿ ಅಡ್ಡಗಟ್ಟುವವರಿಂದ ಕೊಳ್ಳಬೇಡಿ. ಎಷ್ಟು ಬೇಕಾದರೂ ಕುಡಿಯುವ ಓಪನ್ ಬಾರ್‌ನಲ್ಲಿ ಮುಚ್ಚಳ ತೆಗೆಯದ ಬಿಯರ್ ಬಾಟಲಿ ಕೇಳಿ, ಗ್ಲಾಸ್ ಬಿಟ್ಟು ಏಳಬೇಡಿ.

ಮನೆಮಂದಿ ಜೊತೆಗಿದ್ದರೆ ಊರೊಳಗಿನ ಪಾರ್ಕೆ ದೆ ಲಾಸ್ ಪಲಾಪಾಸ್‌ಗೇ ಹೋಗಿ. ಸಂಜೆ ಊರವರೆಲ್ಲ ಅಲ್ಲೇ. ಗಾಡಿಯವನು ಕಾದ ಕಬ್ಬಿಣದ ಅಚ್ಚಿಗೆ ಹಿಟ್ಟು ಹುಯ್ದು, ತೆಳುವಾಗಿ ಬೇಯಿಸಿ, ತುರಿದ ಡಚ್ ಚೀಸ್ ಉದುರಿಸಿ ಗರಿಗರಿ ಸುರುಳಿ ಸುತ್ತಿ ಕೊಡುತ್ತಾನೆ. ಅದೇ ಮಾರ್ಕೆಸಿತಾ. ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ. ಸಸ್ಯಾಹಾರಿಗಳು ರುಬ್ಬಿದ ಬೀನ್ಸ್ ಕಾಳಿನ ಪಲ್ಯದಂಥ ಫ್ರಿಹೋಲೆಸ್ ತಿನ್ನುವ ಮುಂಚೆ 'ಸಿನ್ ಮಾಂತೆಕಾ' ಅನ್ನಿ, ಹಂದಿ ಕೊಬ್ಬು ಹಾಕಿರುವುದು ಸಾಮಾನ್ಯ.

ಬಿಲ್ ಕೇಳದೆ ತರುವುದಿಲ್ಲ. 'ಲಾ ಕುವೆಂತಾ' ಎಂದು ಕೇಳಿ, ಸೇವಾ ಶುಲ್ಕ ಸೇರಿಸಿದ್ದಾರಾ ನೋಡಿ, ಇಲ್ಲದಿದ್ದರೆ ಮಾತ್ರ ಶೇ 10–15 ಟಿಪ್ಸ್ ಇಡಿ. ಹೋಟೆಲ್‌ಗೆ ಮರಳಲು ಟ್ಯಾಕ್ಸಿ ಬೇಕಿಲ್ಲ. ಆರ್‌-1, ಆರ್‌-2 ಬಸ್ಸುಗಳು ಹೋಟೆಲ್ ರಸ್ತೆಯಲ್ಲೇ ರಾತ್ರಿ ತಡವಾಗಿಯೂ ಓಡುತ್ತವೆ. ಚಿಲ್ಲರೆ ಕೈಯಲ್ಲಿರಲಿ, ಹತ್ತುವಾಗ ಹೋಟೆಲ್ ಹೆಸರು ಹೇಳಿ, ಚಾಲಕರು ಸರಿಯಾದ ಜಾಗದಲ್ಲಿ ಇಳಿಸುತ್ತಾರೆ.