ಪ್ರಶ್ನೆಯನ್ನು ಮಗುವಿನಿಂದ ಶಾಲೆಯ ಕಡೆ ತಿರುಗಿಸಿದ ಮೇಲೆ

ಸಮನ್ವಯ ಶಿಕ್ಷಣದಲ್ಲಿ, ಅಂದರೆ ಅಂಗವಿಕಲ ಮಕ್ಕಳೂ ಸಾಮಾನ್ಯ ಶಾಲೆಯಲ್ಲೇ ಎಲ್ಲರ ಜೊತೆ ಕಲಿಯುವ ಶಿಕ್ಷಣದಲ್ಲಿ, ಪಿಎಚ್‌ಡಿ ಮಾಡಬೇಕು ಅಂತ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಟಾಪಿಕ್ ಇರುತ್ತದೆ. ‘ಆಟಿಸಂ ಇರುವ ಮಕ್ಕಳ ಕಲಿಕೆಯ ತೊಂದರೆಗಳು’, ‘ದೃಷ್ಟಿಯಿಲ್ಲದ ವಿದ್ಯಾರ್ಥಿಗಳ ಸಮಸ್ಯೆಗಳು’, ಹೀಗೆ. ನಾನು ಅವರಿಂದ ಒಂದೇ ಕೆಲಸ ಮಾಡಿಸುತ್ತೇನೆ. ವಾಕ್ಯದಲ್ಲಿ ಮಗು ಇರುವ ಜಾಗದಲ್ಲಿ ಶಾಲೆಯನ್ನು ಇಟ್ಟು ಮತ್ತೆ ಬರೆಯಿರಿ ಅನ್ನುತ್ತೇನೆ. ಮಗುವಿಗೆ ಯಾಕೆ ಓದಲು ಆಗುತ್ತಿಲ್ಲ ಅಂತ ಅಲ್ಲ, ಶಾಲೆ ಪಾಠವನ್ನು ಯಾವ ರೂಪದಲ್ಲಿ ಕೊಡುತ್ತಿದೆ ಅಂತ. ಎಷ್ಟೋ ಜನರಿಗೆ ಅಲ್ಲೇ ಟಾಪಿಕ್ ಬದಲಾಗಿಬಿಡುತ್ತದೆ.

ಈ ಪಟ್ಟು ನನ್ನದಲ್ಲ. ಬ್ರಿಟನ್ನಿನ ಮೈಕ್ ಆಲಿವರ್ ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದ ಸಮಾಜಶಾಸ್ತ್ರಜ್ಞ. 1980ರ ದಶಕದಲ್ಲಿ ಅಲ್ಲಿನ ಸರ್ಕಾರ ಅಂಗವಿಕಲರ ದೊಡ್ಡ ಸಮೀಕ್ಷೆ ನಡೆಸಿತು. ಅದರಲ್ಲಿ ಒಂದು ಪ್ರಶ್ನೆ, ವಸ್ತುಗಳನ್ನು ಹಿಡಿಯಲು, ತಿರುಗಿಸಲು ಕಷ್ಟವಾಗುವುದು ನಿಮಗಿರುವ ಯಾವ ಕಾಯಿಲೆಯಿಂದ ಎಂಬ ಅರ್ಥದ್ದು. ಆಲಿವರ್ 1990ರಲ್ಲಿ ಅದನ್ನು ತಿರುಗಿಸಿ ಬರೆದು ತೋರಿಸಿದರು: ಡಬ್ಬಿ, ಬಾಟಲಿಗಳ ವಿನ್ಯಾಸದಲ್ಲಿರುವ ಯಾವ ದೋಷದಿಂದ ನಿಮಗೆ ಅವನ್ನು ಹಿಡಿಯಲು, ತಿರುಗಿಸಲು ಕಷ್ಟವಾಗುತ್ತಿದೆ? ಕೈ ಅದೇ, ಬಾಟಲಿ ಅದೇ. ಉತ್ತರ ಕೊಡಬೇಕಾದವರು ಮಾತ್ರ ಬೇರೆ. ನನ್ನ ಇಷ್ಟು ವರ್ಷದ ಕೆಲಸ ಬಹುಪಾಲು ಈ ಒಂದು ತಿರುವನ್ನು ಬೇರೆ ಬೇರೆ ಕಡೆ ಪ್ರಯೋಗಿಸಿದ್ದೇ.

ನಾನು ಬಂದಿದ್ದು ಶಾಲಾ ಮೇಷ್ಟ್ರ ಕೆಲಸದಿಂದ. ನನಗೆ ಯಾವ ಅಂಗವೈಕಲ್ಯವೂ ಇಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಈ ಕ್ಷೇತ್ರದ ರೂಢಿ, ಒಳ್ಳೆಯ ರೂಢಿ. ಓದಲು ಕೂತಾಗ ಗೊತ್ತಾಗಿದ್ದು, ಇಲ್ಲಿ ಎರಡು ಬೇರೆ ಬೇರೆ ಮನೆತನಗಳಿವೆ. ಸಮನ್ವಯ ಶಿಕ್ಷಣ ಹುಟ್ಟಿದ್ದು ಶಿಕ್ಷಕರು, ಆಡಳಿತಗಾರರ ನಡುವೆ, ವಿಶೇಷ ಶಿಕ್ಷಣದ ಒಳಗಿಂದಲೇ. 1994ರಲ್ಲಿ ಸ್ಪೇನಿನ ಸಲಮಾಂಕದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಸೇರಿ ಸಾಮಾನ್ಯ ಶಾಲೆಯೇ ಎಲ್ಲ ಮಕ್ಕಳ ಶಾಲೆ ಅಂತ ಘೋಷಿಸಿದ್ದು ಅದರ ದೊಡ್ಡ ಮೈಲಿಗಲ್ಲು. ಅಂಗವೈಕಲ್ಯ ಅಧ್ಯಯನ ಹುಟ್ಟಿದ್ದು ಬೀದಿಯಲ್ಲಿ. ಆಶ್ರಮದಂಥ ಸಂಸ್ಥೆಗಳಲ್ಲಿ ಬದುಕು ಸವೆಸಿದ ಅಂಗವಿಕಲರು ಬ್ರಿಟನ್ನಿನಲ್ಲಿ ಯುಪಿಐಎಎಸ್ (ಪ್ರತ್ಯೇಕವಾಗಿ ಇಡುವುದರ ವಿರುದ್ಧ ದೈಹಿಕ ಅಂಗವಿಕಲರ ಒಕ್ಕೂಟ) ಎಂಬ ಸಂಘಟನೆ ಕಟ್ಟಿದರು. ದೇಹದ ಕೊರತೆ ಬೇರೆ, ಸಮಾಜ ಹೇರುವ ಅಡ್ಡಿ ಬೇರೆ ಅಂತ 1976ರಲ್ಲಿ ಬರೆದರು. ಎರಡೂ ಮನೆಯವರು ಒಂದೇ ಮಗುವಿನ ಬಗ್ಗೆ ಮಾತಾಡುತ್ತಾರೆ, ಆದರೆ ಒಬ್ಬರ ಬರಹವನ್ನು ಇನ್ನೊಬ್ಬರು ಓದುವುದು ಕಡಿಮೆ. ಎರಡನ್ನೂ ಓದಿದರೆ ಕೆಲಸ ದುಪ್ಪಟ್ಟು. ಬೇರೆ ದಾರಿ ನನಗೆ ಕಾಣಲಿಲ್ಲ.

ಪಿಎಚ್‌ಡಿಗೆ ನಾನು ಹಲವು ಶಾಲೆಗಳ ಸಮೀಕ್ಷೆ ಬೇಡ ಅಂದುಕೊಂಡು, ಒಂದೇ ಶಾಲೆಯ ಒಂದೇ ತರಗತಿಯಲ್ಲಿ ಇಡೀ ಶೈಕ್ಷಣಿಕ ವರ್ಷ ಕೂತೆ. ಹಾಜರಿ ಪುಸ್ತಕದ ಪ್ರಕಾರ ಆ ತರಗತಿ ಮಾದರಿ ತರಗತಿ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಚಲನೆಯ ಮೇಲೆ ಹಿಡಿತ ಕಡಿಮೆಯಾಗುವ ಸ್ಥಿತಿ) ಇದ್ದ ಹುಡುಗಿ ದಿನಾ ಬರುತ್ತಿದ್ದಳು. ಅವಳಿಗೊಬ್ಬ ಸಹಾಯಕಿ, ಸರಿಯಾದ ಎತ್ತರದ ಮೇಜು, ಎಲ್ಲ ಇತ್ತು. ನಾನು ಒಂದು ಸಣ್ಣ ವಿಷಯ ಬರೆದುಕೊಳ್ಳುತ್ತಾ ಹೋದೆ: ಒಂದು ಪಿರಿಯಡ್‌ನಲ್ಲಿ ಅವಳ ಜೊತೆ ಯಾರು ಯಾರು ಮಾತಾಡಿದರು? ಎಷ್ಟೋ ಪಿರಿಯಡ್‌ಗಳಲ್ಲಿ ಸಹಾಯಕಿ ಬಿಟ್ಟರೆ ಯಾರೂ ಇಲ್ಲ. ಟೀಚರ್ ಅವಳಿಗೆ ಕೇಳಬೇಕಾದ್ದನ್ನು ಸಹಾಯಕಿಗೆ ಕೇಳುತ್ತಿದ್ದರು, ‘ಅವಳಿಗೆ ಅರ್ಥ ಆಯ್ತಾ?’ ಅಂತ. ಮೇಜು ಇದ್ದದ್ದು ಬಾಗಿಲ ಪಕ್ಕ, ಗಾಲಿಕುರ್ಚಿ ಓಡಾಡಲು ಅನುಕೂಲ ಅಂತ. ಸಹಾಯಕಿ ಕೂರುತ್ತಿದ್ದದ್ದು ಅವಳಿಗೂ ಪಕ್ಕದ ಸಾಲಿಗೂ ನಡುವೆ. ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುತ್ತಿದ್ದದ್ದು ಯಾವಾಗಲೂ ವಿಜ್ಞಾನದ ಪ್ರಯೋಗ ಇರುವ ಪಿರಿಯಡ್‌ನಲ್ಲಿ. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಟೈಂಟೇಬಲ್ ಹಾಗೆ ಬಿದ್ದಿತ್ತು ಅಷ್ಟೇ.

ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ 24ನೇ ವಿಧಿ ಶಿಕ್ಷಣಕ್ಕೆ ಸೇರಿದ್ದು. ಅದರ ಮೇಲೆ 2016ರಲ್ಲಿ ಬಂದ ನಾಲ್ಕನೇ ಸಾಮಾನ್ಯ ಟಿಪ್ಪಣಿ, ಅಂದರೆ ಒಡಂಬಡಿಕೆಯ ಸಮಿತಿಯ ಅಧಿಕೃತ ವಿವರಣೆ, ನಾಲ್ಕು ಸ್ಥಿತಿಗಳನ್ನು ಬೇರೆ ಮಾಡಿ ತೋರಿಸುತ್ತದೆ. ಮಗುವನ್ನು ಹೊರಗಿಡುವುದು, ಪ್ರತ್ಯೇಕ ಜಾಗದಲ್ಲಿ ಇಡುವುದು, ಇದ್ದ ವ್ಯವಸ್ಥೆಗೆ ನೀನೇ ಹೊಂದಿಕೋ ಅಂತ ಒಳಗೆ ಕೂರಿಸುವುದು, ವ್ಯವಸ್ಥೆಯೇ ಬದಲಾಗುವುದು. ಹಾಜರಿ ಪುಸ್ತಕಕ್ಕೆ ಮೂರನೆಯದಕ್ಕೂ ನಾಲ್ಕನೆಯದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ನನ್ನ ಥೀಸಿಸ್ಸಿನ ಜೀವ ಇದ್ದದ್ದು ಆ ಅಂತರದಲ್ಲೇ.

ಆ ಹುಡುಗಿಗೆ ಮಾತು ಬರುತ್ತಿರಲಿಲ್ಲ, ಚಿತ್ರ, ಅಕ್ಷರಗಳನ್ನು ತೋರಿಸಿ ಹೇಳುವ ಸಂವಹನ ಬೋರ್ಡ್ ಬಳಸುತ್ತಿದ್ದಳು. ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯ ಫಾರ್ಮಿನಲ್ಲಿ ಪೋಷಕರ ಸಹಿಗೆ ಜಾಗವಿತ್ತು, ಅವಳ ಒಪ್ಪಿಗೆಗೆ ಇರಲಿಲ್ಲ. ನಾನೇ ಒಂದು ಪುಟ ಸೇರಿಸಿದೆ. ಪ್ರತಿ ಸಲ ಮಾತಿಗೆ ಕೂರುವಾಗ ಮೇಜಿನ ಮೇಲೆ ಕೆಂಪು ‘ಸಾಕು’ ಕಾರ್ಡ್ ಇಡುವುದು, ಅವಳು ಮುಟ್ಟಿದ ತಕ್ಷಣ ರೆಕಾರ್ಡರ್ ಆಫ್. ಮೊದಲ ದಿನ ನಾನಿನ್ನೂ ಪ್ರಶ್ನೆ ಶುರು ಮಾಡಿರಲಿಲ್ಲ, ಅವಳು ಕಾರ್ಡ್ ಮುಟ್ಟಿದಳು. ಆಫ್ ಮಾಡಿದೆ. ನಕ್ಕಳು, ಮತ್ತೆ ಶುರು ಮಾಡು ಅಂತ ಸನ್ನೆ. ಶುರು ಮಾಡಿದ ಕೂಡಲೇ ಮತ್ತೆ ಮುಟ್ಟಿದಳು. ಕಾರ್ಡ್ ನಿಜವಾಗಿ ಕೆಲಸ ಮಾಡುತ್ತದಾ ಅಂತ ಪರೀಕ್ಷೆ ಮಾಡುತ್ತಿದ್ದಳು. ಒಪ್ಪಿಗೆ ಪತ್ರ ತಂದುಕೊಟ್ಟ ಯಾವ ದೊಡ್ಡವರೂ ಅಷ್ಟು ಚೆನ್ನಾಗಿ ಅದನ್ನು ಪರೀಕ್ಷಿಸಿದ್ದು ನಾನು ನೋಡಿಲ್ಲ.

ಇಂಥ ಮಾತುಕತೆಗೆ ಕಾಯುವ ಅಭ್ಯಾಸ ಬೇಕು. ಬೋರ್ಡಿನ ಮೇಲೆ ಒಂದು ವಾಕ್ಯ ಕಟ್ಟಲು ನಿಮಿಷಗಟ್ಟಲೆ ಹಿಡಿಯುತ್ತದೆ. ಅರ್ಧದಲ್ಲಿ ಊಹಿಸಿ ‘ಇದೇ ತಾನೆ?’ ಅಂದರೆ ಎಷ್ಟೋ ಮಕ್ಕಳು ಸುಮ್ನೆ ಹೌದು ಅನ್ನುತ್ತಾರೆ, ಬಿಡಿಸಿಕೊಳ್ಳಲು. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ನಾನು ಕಾದ ಸಮಯವನ್ನೂ ಬರೆಯುತ್ತೇನೆ, ಯಾರಾದರೂ ಮಧ್ಯೆ ಬಾಯಿ ಹಾಕಿದ್ದರೆ ಅದನ್ನೂ.

ಕಿವುಡ ವಿದ್ಯಾರ್ಥಿಗಳ ಜೊತೆಗಿನ ಮುಂದಿನ ಅಧ್ಯಯನದಲ್ಲಿ ಬೇರೆಯೇ ಗಂಟು. ಸಂಶೋಧನೆಯ ಶಿಸ್ತಿನ ಪ್ರಕಾರ ವಿಡಿಯೋದಲ್ಲಿ ಮುಖ ಮಸುಕು ಮಾಡಿ ಗುರುತು ಮರೆಮಾಡಬೇಕು. ಸಂಜ್ಞಾ ಭಾಷೆಯಲ್ಲಿ ಮುಖವೂ ವ್ಯಾಕರಣದ ಭಾಗ. ಹುಬ್ಬು ಏರಿಸಿದರೆ ಪ್ರಶ್ನೆ, ತಲೆ ಅಲ್ಲಾಡಿಸಿದರೆ ‘ಇಲ್ಲ’. ಮುಖ ಅಳಿಸಿದರೆ ವಾಕ್ಯವೇ ಅಳಿಸುತ್ತದೆ. ಸಂಜ್ಞಾ ಭಾಷೆಗೆ ತನ್ನದೇ ರಚನೆ ಇದೆ ಅಂತ ಅಮೆರಿಕದ ಭಾಷಾತಜ್ಞ ವಿಲಿಯಂ ಸ್ಟೋಕೀ 1960ರಲ್ಲೇ ತೋರಿಸಿದ್ದರೂ, ನಮ್ಮ ಫಾರ್ಮುಗಳು ಇನ್ನೂ ಧ್ವನಿ ಮುದ್ರಣವನ್ನೇ ತಲೆಯಲ್ಲಿಟ್ಟುಕೊಂಡಿವೆ. ನಾನು ಒಪ್ಪಿಗೆಯನ್ನು ಹಂತ ಮಾಡಿದೆ. ನಾನೊಬ್ಬನೇ ನೋಡಬಹುದಾ, ಪಾಠದಲ್ಲಿ ತೋರಿಸಬಹುದಾ, ಪ್ರಕಟಿಸಬಹುದಾ, ಮೂರೂ ಬೇರೆ ಬೇರೆ ಪ್ರಶ್ನೆ. ಮುಖ ತೋರಿಸುವುದು ಬೇಡ ಅಂದವರ ಮಾತನ್ನು ಇನ್ನೊಬ್ಬ ಕಿವುಡ ಸಹೋದ್ಯೋಗಿ ಸಂಜ್ಞೆಯಲ್ಲೇ ಮತ್ತೆ ಹೇಳಿದರು, ಪ್ರಕಟಣೆಗೆ ಅದನ್ನು ಬಳಸಿದೆ. ಖರ್ಚು ಜಾಸ್ತಿಯಾಯಿತು.

ಖರ್ಚಿನ ಮಾತು ಬಂತಲ್ವಾ, ಹೊಸಬರಿಗೆ ಯಾರೂ ಹೇಳಿಕೊಡದ ವಿಷಯ ಇದು. ದುಭಾಷಿ, ಕ್ಯಾಪ್ಷನ್, ಬ್ರೈಲ್ ಪ್ರತಿ, ಸಹಾಯಕರ ಪ್ರಯಾಣ, ಎಲ್ಲವನ್ನೂ ಪ್ರಪೋಸಲ್‌ನಲ್ಲಿ ಪ್ರತ್ಯೇಕ ಸಾಲಾಗಿ, ಕಾರಣ ಸಮೇತ ತೋರಿಸಬೇಕು. ‘ಇತರೆ’ ಅಂತ ಹಾಕಿದರೆ ಕತ್ತರಿ ಬೀಳುವುದು ಮೊದಲು ಅದಕ್ಕೇ. ಸಂಜ್ಞಾ ಭಾಷಾ ದುಭಾಷಿಗಳು ದೀರ್ಘ ಸಭೆಗೆ ಇಬ್ಬರು ಬೇಕು. ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾಗದಿದ್ದರೆ ದಣಿವಿನಿಂದ ತಪ್ಪು ಜಾಸ್ತಿಯಾಗುತ್ತದೆ. ಒಬ್ಬರಿಗೇ ಬಜೆಟ್ ಹಾಕಿ ಆಮೇಲೆ ಪರದಾಡುವವರನ್ನು ತುಂಬಾ ನೋಡಿದ್ದೇನೆ. ಬೌದ್ಧಿಕ ಅಂಗವೈಕಲ್ಯವಿರುವ ಸಹಸಂಶೋಧಕರಿಗೆ ಸಂಭಾವನೆ ಕೊಡಿಸುವುದಂತೂ ಒಂದು ಸಾಹಸ. ಒಂದು ಕಚೇರಿಯವರು ಪದವಿ ಪ್ರಮಾಣಪತ್ರ ಕೇಳಿದರು. ಅವರ ಅನುಭವವೇ ಅವರ ಅರ್ಹತೆ ಅಂತ ಬರೆದುಕೊಟ್ಟೆ, ಫೈಲ್ ವಾಪಸ್ ಬಂತು. ಕೊನೆಗೆ ದಾರಿಯಾಗಿದ್ದು ಅವರನ್ನು ಸಲಹೆಗಾರರು ಅಂತ ಹೆಸರಿಸಿದಾಗ. ಈಗ ಪ್ರಪೋಸಲ್‌ನಲ್ಲೇ ಆ ಹುದ್ದೆ ಬರೆದಿರುತ್ತೇನೆ.

ಪಾಠ ಮಾಡಲು ಶುರು ಮಾಡಿದ ಮೇಲೆ ಅದೇ ಪ್ರಶ್ನೆಯನ್ನು ನನ್ನ ಓದುವ ಸಾಮಗ್ರಿಗೂ ತಿರುಗಿಸಿದೆ. ಸಮನ್ವಯದ ಬಗ್ಗೆ ಕೋರ್ಸು, ಆದರೆ ಓದಲು ಕೊಡುವುದು ಓರೆಯಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್. ಪರದೆಯ ಮೇಲಿನ ಅಕ್ಷರವನ್ನು ಧ್ವನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದೊಂದು ಫೋಟೋ, ಓದಲು ಅಕ್ಷರವೇ ಇಲ್ಲ. ಪರೀಕ್ಷಿಸುವುದು ಸುಲಭ: ಮೌಸ್‌ನಿಂದ ಒಂದು ಸಾಲನ್ನು ಆರಿಸಲು ನೋಡಿ, ಆಗದಿದ್ದರೆ ಅದು ಬರೀ ಚಿತ್ರ. ಅಕ್ಷರ ದಪ್ಪ ಮಾಡಿದರೆ ಶೀರ್ಷಿಕೆ ಆಗುವುದಿಲ್ಲ, ವರ್ಡ್‌ನಲ್ಲಿ ಹೆಡಿಂಗ್ ಸ್ಟೈಲ್ ಕೊಡಬೇಕು. ಆಗ ಸ್ಕ್ರೀನ್ ರೀಡರ್ ಬಳಸುವವರು ಒಂದು ಕೀಲಿ ಒತ್ತಿ ಅಧ್ಯಾಯದಿಂದ ಅಧ್ಯಾಯಕ್ಕೆ ಹಾರಬಹುದು. ಗ್ರಾಫ್ ಇದ್ದರೆ ‘ಗ್ರಾಫ್’ ಅಂತ ಬರೆದು ಕೈತೊಳೆದುಕೊಳ್ಳದೆ, ಅದು ಏನು ಹೇಳುತ್ತಿದೆ ಅಂತ ಎರಡು ವಾಕ್ಯ ಬರೆಯಬೇಕು. ಇದನ್ನು ಬರೆಯಲು ಕೂತಾಗ ಕೆಲವು ಗ್ರಾಫ್‌ಗಳು ಏನೂ ಹೇಳುತ್ತಿಲ್ಲ ಅಂತ ಗೊತ್ತಾಗಿ ಕಿತ್ತುಹಾಕಿದ್ದೂ ಇದೆ. ಪ್ರಕಟಿತ ಕೃತಿಗಳನ್ನು ದೃಷ್ಟಿಯಿಲ್ಲದವರಿಗೆ ಓದುವ ರೂಪಕ್ಕೆ ತರಲು ಹಕ್ಕುಸ್ವಾಮ್ಯದ ಅಡ್ಡಿ ಸಡಿಲಿಸುವ ಮರಾಕೇಶ್ ಒಪ್ಪಂದ 2013ರಲ್ಲೇ ಆಗಿದೆ. ಆದರೆ ಕಾನೂನು ಬಿಟ್ಟುಕೊಟ್ಟ ಮಾತ್ರಕ್ಕೆ ಫೈಲ್ ತಾನಾಗಿ ಸಿದ್ಧವಾಗುವುದಿಲ್ಲ, ಯಾರಾದರೂ ಕೂತು ಮಾಡಬೇಕು.

ಹಾಗಂತ ಎಲ್ಲ ಪ್ರಶ್ನೆಯನ್ನೂ ಶಾಲೆಯ ಕಡೆ ತಿರುಗಿಸಿ ಮುಗಿಸಬಹುದು ಅಂತ ನಾನು ನಂಬುವುದಿಲ್ಲ. 1990ರ ದಶಕದಲ್ಲೇ ಜೆನ್ನಿ ಮಾರಿಸ್, ಲಿಜ್ ಕ್ರೋ ಥರದ ಅಂಗವಿಕಲ ಮಹಿಳೆಯರು ಈ ತಕರಾರು ಎತ್ತಿದ್ದರು. ನೋವು, ಸುಸ್ತು ದೇಹದಲ್ಲಿದೆ, ರ‍್ಯಾಂಪ್ ಕಟ್ಟಿದರೆ ಹೋಗುವುದಿಲ್ಲ ಅಂತ. ನನ್ನ ವಿದ್ಯಾರ್ಥಿನಿಯೊಬ್ಬರಿಗೆ ದೀರ್ಘಕಾಲದ ನೋವಿನ ಕಾಯಿಲೆ ಇತ್ತು. ಅವರು ನನ್ನ ಕೋರ್ಸಿನಲ್ಲೇ ಕೂತು, ನೀವು ಹೇಳುವ ಮಾದರಿಯಲ್ಲಿ ನೋವು ತುಂಬಿದ ನನ್ನ ಬೆಳಗಿನ ಹೊತ್ತು ಎಲ್ಲಿದೆ ಅಂತ ಕೇಳಿದರು. ಅವರಿಗೆ ಸಬ್‌ಮಿಶನ್ ದಿನಾಂಕ ಸಡಿಲಿಸಬಹುದಿತ್ತು, ಸಡಿಲಿಸಿದೆವು. ನೋವಿನ ಬಗ್ಗೆ ಮಾತಾಡಲು ಸಿಲಬಸ್‌ನಲ್ಲಿ ಒಂದು ವಾರ ಬೇಕಿತ್ತು, ಅದನ್ನೂ ಸೇರಿಸಿದೆವು.

ಕೆಲಸ ಹುಡುಕುವ ಕಾಲದಲ್ಲಿ ಎರಡು ಮನೆತನದ ಓದು ಕಾಡಿತು. ಶಿಕ್ಷಣ ವಿಭಾಗದವರು, ನೀವು ಸಮಾಜಶಾಸ್ತ್ರದವರಲ್ವಾ ಅಂದರು. ಸಮಾಜಶಾಸ್ತ್ರದವರು ಬಿ.ಎಡ್. ಪಾಠ ಮಾಡುವವರಂತೆ ನೋಡಿದರು. ನಾನು ಮಾಡಿದ್ದು ಇಷ್ಟು: ಒಂದೇ ಫೀಲ್ಡ್‌ವರ್ಕ್‌ನಿಂದ ಎರಡು ಬೇರೆ ವಾದಗಳನ್ನು ಬರೆದೆ. ಶಿಕ್ಷಣದ ಜರ್ನಲ್‌ಗಳ ವಿಮರ್ಶಕರು, ಟೀಚರ್ ಇದರಿಂದ ನಾಳೆ ಏನು ಮಾಡಬೇಕು ಅಂತ ಕೇಳುತ್ತಾರೆ. ಅವರಿಗೆ ಟೈಂಟೇಬಲ್ ಮತ್ತು ಸಹಾಯಕಿ ಕೂರುವ ಜಾಗದ ಬಗ್ಗೆ ಬರೆದೆ. ಅಂಗವೈಕಲ್ಯ ಅಧ್ಯಯನದವರು, ಇಲ್ಲಿ ಮಾತಾಡುತ್ತಿರುವುದು ಯಾರು ಅಂತ ಕೇಳುತ್ತಾರೆ. ಅವರಿಗೆ ಕೆಂಪು ಕಾರ್ಡಿನ ಬಗ್ಗೆ ಬರೆದೆ. ಕೆಲಸ ಕೊನೆಗೆ ಸಿಕ್ಕಿದ್ದು ಶಿಕ್ಷಕರ ತರಬೇತಿ ಇರುವ ವಿಭಾಗದಲ್ಲಿ. ಅದು ಒಳ್ಳೆಯದೇ ಆಯಿತು. ಅಲ್ಲಿಂದ ಹೊರಡುವವರು ಸೀದಾ ತರಗತಿಗೆ ಹೋಗುತ್ತಾರೆ.

ಬಡ್ತಿ ಅರ್ಜಿಯ ವಿಷಯ ಇನ್ನೂ ಎಳೆದಾಡುತ್ತಿದೆ. ಪ್ರತಿ ಅಧ್ಯಯನ ಮುಗಿದ ಮೇಲೆ ಸಣ್ಣ ವಾಕ್ಯ, ದೊಡ್ಡ ಅಕ್ಷರ, ಚಿತ್ರಗಳಿರುವ ಸರಳ ಓದಿನ ಆವೃತ್ತಿಯನ್ನು ಸಹಸಂಶೋಧಕರ ಜೊತೆ ಕೂತು ಮಾಡುತ್ತೇನೆ. ಪೇಪರ್ ಬರೆಯುವುದಕ್ಕಿಂತ ಹೆಚ್ಚು ಸಮಯ ಅದಕ್ಕೇ ಹೋಗುತ್ತದೆ. ಫಾರ್ಮಿನಲ್ಲಿ ಅದನ್ನು ‘ಸಮಾಜ ಸೇವೆ’ ಅಡಿ ಹಾಕಿ ಅಂದರು. ನಾನು ಪ್ರಕಟಣೆಗಳ ಅಡಿಯೇ, ಸಹಲೇಖಕರ ಹೆಸರು ಸಮೇತ ಹಾಕುತ್ತೇನೆ. ಇದಕ್ಕೆ ವಿಮರ್ಶೆ ಆಗಿದೆಯಾ ಅಂತ ಸಮಿತಿಯಲ್ಲಿ ಒಬ್ಬರು ಕೇಳಿದರು. ಆಗಿದೆ, ಈ ಪುಟ ಅರ್ಥವಾಗುತ್ತಿಲ್ಲ, ಈ ಚಿತ್ರ ಸುಳ್ಳು ಹೇಳುತ್ತಿದೆ ಅಂತ ಗುಂಪಿನವರು ಗೀಚಿ ವಾಪಸ್ ಕಳಿಸಿದ ಕರಡನ್ನು ಲಗತ್ತಿಸಿದ್ದೇನೆ ಅಂದೆ. ಆ ಕರಡನ್ನು ಅರ್ಜಿಯ ಜೊತೆ ಇಟ್ಟುಕೊಳ್ಳಬಹುದಾ ಅಂತ ಸಮಿತಿ ಇನ್ನೂ ತೀರ್ಮಾನಿಸಿಲ್ಲ.