ಒಂದು ಮಗುವಿನ ಬಗ್ಗೆ ವರದಿ ಬರೆಯಲು ಕಲಿತದ್ದು: ಮಕ್ಕಳ ಕಲ್ಯಾಣ ಸರ್ಟಿಫಿಕೇಟ್ ಕೋರ್ಸಿನ ನನ್ನ ಅನುಭವ

ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಮುಗಿಸಿ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದವಳು ಮತ್ತೆ ಓದಲು ಕೂತಾಗ ಮನೆಯವರೂ ಸಹೋದ್ಯೋಗಿಗಳೂ ಕೇಳಿದ್ದು ಒಂದೇ ಮಾತು: ಇರೋ ಡಿಗ್ರಿ ಸಾಲದಾ? ಕೇಳುವುದರಲ್ಲಿ ತಪ್ಪೇನಿಲ್ಲ. ಎರಡು ವರ್ಷದ ಎಂಎಸ್‌ಡಬ್ಲ್ಯೂನಲ್ಲಿ ಸಮುದಾಯ ಅಭಿವೃದ್ಧಿ, ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ, ಎಚ್‌ಆರ್ ಎಲ್ಲವೂ ಇರುತ್ತವೆ. ನಮ್ಮ ಬ್ಯಾಚಿನ ಬಹಳಷ್ಟು ಜನ ಎಚ್‌ಆರ್ ಕಡೆಗೇ ಹೋದರು. ಮಕ್ಕಳ ವಿಷಯ ಅಲ್ಲೊಂದು ಇಲ್ಲೊಂದು ಘಟಕವಾಗಿ ಬಂದು ಹೋಗಿತ್ತು. ಫೀಲ್ಡಿಗೆ ಇಳಿದ ಮೇಲೆ ನನ್ನ ಮುಂದೆ ಬಂದು ನಿಂತವರು ಮಾತ್ರ ಹೆಚ್ಚಾಗಿ ಮಕ್ಕಳೇ.

ಹತ್ತಿ ಬೀಜದ ಪ್ಲಾಟುಗಳಲ್ಲಿ ಕ್ರಾಸಿಂಗ್, ಅಂದರೆ ಹೂವಿಗೆ ಕೈಯಿಂದ ಪರಾಗ ಸೋಕಿಸುವ ಕೆಲಸ, ಶುರುವಾದರೆ ಶಾಲೆಯ ಹಾಜರಿ ಇಳಿಯುತ್ತದೆ. ಹೂವಿನ ಎತ್ತರಕ್ಕೆ ಮಕ್ಕಳ ಕೈ ಸರಿಹೊಂದುತ್ತದೆ ಅನ್ನುವುದು ಅಲ್ಲಿನ ಮಾತು. ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೋ ಗೋವಾಕ್ಕೋ ಗುಳೆ. ದೊಡ್ಡವರು ಹೋದರೆ ಮಕ್ಕಳು ಅಜ್ಜಿಯ ಜೊತೆ ಊರಲ್ಲಿ ಉಳಿಯುತ್ತಾರೆ. ಇಂಥ ಮಕ್ಕಳಲ್ಲಿ ಯಾರಾದರೂ, ರಕ್ಷಣೆ ಬೇಕಾದ ಮಕ್ಕಳ ಬಗ್ಗೆ ತೀರ್ಮಾನ ಕೊಡುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಾದಾಗ ಸಮಿತಿ ಸಾಮಾಜಿಕ ತನಿಖಾ ವರದಿ, ಅಂದರೆ ಮಗುವಿನ ಮನೆ, ಕುಟುಂಬದ ಸ್ಥಿತಿಯನ್ನು ನೋಡಿ ಬರೆದ ವರದಿ, ಕೇಳುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಅದು 15 ದಿನದೊಳಗೆ ಮುಗಿಯಬೇಕು. ಮಗು ಮನೆಯಲ್ಲಿರಬೇಕೋ ಬಾಲಮಂದಿರಕ್ಕೆ ಹೋಗಬೇಕೋ ಎಂಬ ತೀರ್ಮಾನಕ್ಕೆ ಆ ವರದಿಯೇ ದೊಡ್ಡ ಆಧಾರ. ಅಂಥ ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬರತೊಡಗಿತ್ತು, ಬರೆಯುವುದು ಹೇಗೆಂದು ಯಾರೂ ಕಲಿಸಿರಲಿಲ್ಲ. ಕೋರ್ಸು ಹುಡುಕಲು ಹೊರಟದ್ದು ಅದಕ್ಕೇ.

ಹುಡುಕಿದರೆ ದಾರಿಗಳು ಹಲವಿವೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಮಕ್ಕಳ ಹಕ್ಕುಗಳ ಕಾನೂನಿನಲ್ಲಿ ಸ್ನಾತಕೋತ್ತರ ಡಿಪ್ಲೊಮಾ ನಡೆಸಿಕೊಂಡು ಬಂದಿದೆ. ಕಾನೂನನ್ನು ಆಳವಾಗಿ ಓದಬೇಕೆನ್ನುವವರಿಗೆ ಅದು. ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದ 'ಸಂವಾದ್' ತಂಡ ಸಂಕಷ್ಟದಲ್ಲಿರುವ ಮಕ್ಕಳೊಂದಿಗೆ ಕೆಲಸ ಮಾಡುವವರಿಗೆ ತರಬೇತಿ ಕೊಡುತ್ತದೆ. ಮಗುವಿನ ಜೊತೆ ಮಾತಾಡುವ ಬಗೆ ಗೊತ್ತಾಗಬೇಕಾದರೆ ಅಂಥ ಕಡೆ ಕಲಿಯಬೇಕು. ನಾನು ಆರಿಸಿಕೊಂಡದ್ದು ಒಂದು ಸಮಾಜಕಾರ್ಯ ವಿಭಾಗ ನಡೆಸುತ್ತಿದ್ದ ಸರ್ಟಿಫಿಕೇಟ್ ಕೋರ್ಸು. ವಾರಾಂತ್ಯದಲ್ಲಿ ತರಗತಿ, ಉಳಿದಂತೆ ಕ್ಷೇತ್ರಕಾರ್ಯ, ಪ್ರತಿ ವಿದ್ಯಾರ್ಥಿಗೂ ಒಬ್ಬ ಮೇಲ್ವಿಚಾರಕರು. ಈ ಕೊನೆಯದಕ್ಕಾಗಿಯೇ ಸೇರಿದೆ. ಬರೆದದ್ದನ್ನು ಕೂತು ಓದಿ, ಇದು ಯಾಕೆ ಹೀಗಿದೆ ಎಂದು ಕೇಳುವವರೊಬ್ಬರು ನನಗೆ ಬೇಕಿತ್ತು. ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯವರು ಶನಿವಾರದ ರಜೆ ಕೊಟ್ಟರು, ಫೀಸು ನಾನೇ ಕಟ್ಟಿದೆ.

ಮೊದಲು ಕಾನೂನು. ಇಂಗ್ಲಿಷಿನ ಕಾಯ್ದೆಯನ್ನು ಓದುತ್ತಾ ಹೋದರೆ ಪುಟ ಮುಗಿಯುತ್ತದೆ, ತಲೆಯಲ್ಲಿ ಏನೂ ನಿಲ್ಲುವುದಿಲ್ಲ. ಅದಕ್ಕೆ ಕನ್ನಡದಲ್ಲಿ ನನ್ನದೇ ಒಂದು ನೋಟ್‌ಬುಕ್ ಮಾಡಿಕೊಂಡೆ. ಪ್ರತಿ ಸೆಕ್ಷನ್ನಿಗೂ ಎರಡೇ ಪ್ರಶ್ನೆ: ಯಾರು ಮಾಡಬೇಕು, ಎಷ್ಟು ದಿನದೊಳಗೆ? ರಕ್ಷಣೆ ಬೇಕಾದ ಮಗು ಸಿಕ್ಕರೆ, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮೊದಲ ಸಲ ಹಾಜರಾದ ದಿನದಿಂದ ನಾಲ್ಕು ತಿಂಗಳೊಳಗೆ ಸಮಿತಿ ಅಂತಿಮ ಆದೇಶ ಕೊಡುವಂತಾಗಬೇಕು. ಹೆತ್ತವರು ಸಾಕಲಾಗದೆ ಮಗುವನ್ನು ಸಮಿತಿಗೆ ಒಪ್ಪಿಸಿದ್ದರೆ ಮನಸ್ಸು ಬದಲಿಸಲು ಅವರಿಗೆ ಎರಡು ತಿಂಗಳು. ತೊರೆದುಹೋದ ಅಥವಾ ಅನಾಥ ಮಗು ಎರಡು ವರ್ಷದೊಳಗಿನದಾದರೆ ದತ್ತು ಕೊಡಲು ಕಾನೂನಿನ ಅಡ್ಡಿಯಿಲ್ಲ ಎಂದು ಘೋಷಿಸುವ ತೀರ್ಮಾನಕ್ಕೆ ಎರಡು ತಿಂಗಳು, ದೊಡ್ಡ ಮಗುವಾದರೆ ನಾಲ್ಕು. 2021ರ ತಿದ್ದುಪಡಿಯಾದ ಮೇಲೆ ದತ್ತು ಆದೇಶ ಕೊಡುವುದು ನ್ಯಾಯಾಲಯವಲ್ಲ, ಜಿಲ್ಲಾಧಿಕಾರಿ. ಬಾಲ್ಯವಿವಾಹದ ವಿಷಯದಲ್ಲಿ ನಮ್ಮ ರಾಜ್ಯದ ತಿದ್ದುಪಡಿ ಕೇಂದ್ರದ ಕಾಯ್ದೆಗಿಂತ ಮುಂದೆ ಹೋಗಿದೆ: ಕರ್ನಾಟಕದಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಈ ನೋಟ್‌ಬುಕ್ ಪರೀಕ್ಷೆಗಿಂತ ಹೆಚ್ಚಾಗಿ ಫೋನಿನಲ್ಲಿ ಕೆಲಸಕ್ಕೆ ಬಂದಿದೆ. ಸಂಜೆ ಹೊತ್ತಿಗೆ ಅಂಗನವಾಡಿ ಕಾರ್ಯಕರ್ತೆ ಕರೆ ಮಾಡಿ, 'ಈಗೇನ್ ಮಾಡೂದ್ರೀ ಮೇಡಂ' ಅಂದಾಗ ತಡವರಿಸಿದರೆ ಆಗುವುದಿಲ್ಲ.

ಬಾಲನ್ಯಾಯ ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ 16 ತತ್ವಗಳಿವೆ. ಹೆಚ್ಚಿನವರು ಪೀಠಿಕೆ ಎಂದುಕೊಂಡು ದಾಟಿಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಕೋರ್ಸಿನ ಬೇರು ಅಲ್ಲೇ ಇದೆ. ಮಗುವನ್ನು ಸಂಸ್ಥೆಗೆ ಸೇರಿಸುವುದು ಬೇರೆ ಎಲ್ಲ ದಾರಿ ಮುಚ್ಚಿದ ಮೇಲಿನ ಕೊನೆಯ ಕ್ರಮ ಎನ್ನುವುದು ಅದರಲ್ಲೊಂದು. ತನಗೆ ಸಂಬಂಧಿಸಿದ ತೀರ್ಮಾನದಲ್ಲಿ ಮಗುವಿನ ಮಾತು ಕೇಳಬೇಕು ಎನ್ನುವುದು ಇನ್ನೊಂದು. ನಮ್ಮ ಕಡೆ ಬಡವರ ಮಗು ಅಂದ ಕೂಡಲೇ 'ಬಾಲಮಂದಿರದಾಗ ಊಟ ಅದ, ಸಾಲಿ ಅದ, ಅಲ್ಲೇ ಇರ್ಲಿ ಬಿಡ್ರಿ' ಅನ್ನುವ ಮಾತು ಬಂದೇ ಬರುತ್ತದೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂದು ಕಾನೂನೇ ಹೇಳಿರುವಾಗ, ಮನೆಯಲ್ಲೇ ಉಳಿಸಲು ಏನು ಮಾಡಬಹುದಿತ್ತು ಎಂದು ತೋರಿಸುವ ಹೊಣೆ ವರದಿ ಬರೆಯುವವರ ಮೇಲಿದೆ.

ವರದಿ ಬರೆಯುವ ತರಗತಿ ಶುರುವಾದದ್ದು ಒಂದು ಮಾದರಿ ವರದಿಯಿಂದ. ಹೆಸರು, ಊರು ಯಾವುದೂ ಇರಲಿಲ್ಲ. ಅದರ ಮುಖ್ಯ ಭಾಗ ಇಷ್ಟೇ: 'ಕುಟುಂಬವು ತೀರಾ ಬಡತನದಿಂದ ಕೂಡಿರುತ್ತದೆ. ತಂದೆಯು ಕುಡಿತದ ಚಟಕ್ಕೆ ಒಳಗಾಗಿರುತ್ತಾನೆ. ತಾಯಿಯು ಮಗುವಿನ ಬಗ್ಗೆ ನಿರ್ಲಕ್ಷ್ಯ ವಹಿಸಿರುತ್ತಾಳೆ. ಮನೆಯ ವಾತಾವರಣ ಸರಿ ಇರುವುದಿಲ್ಲ. ಆದ್ದರಿಂದ ಮಗುವನ್ನು ಸಂಸ್ಥೆಯಲ್ಲಿ ಮುಂದುವರಿಸುವುದು ಸೂಕ್ತ.' ನಾವೆಲ್ಲ ನೋಡಿ ನೋಡಿ ರೂಢಿಯಾದ ಕಚೇರಿ ಕನ್ನಡ. ಪಾಠ ಮಾಡುತ್ತಿದ್ದ ಮೇಡಂ ಹೇಳಿದರು: ಬರೆದವರು ಕಣ್ಣಾರೆ ಕಂಡದ್ದರ ಕೆಳಗೆ ನೀಲಿ ಗೆರೆ ಎಳೆಯಿರಿ. ಇಂಥವರಿಂದ ಕೇಳಿದ್ದು ಎಂದು ಇದ್ದರೆ ಕೆಂಪು ಗೆರೆ. ಉಳಿದದ್ದನ್ನು ಹಾಗೇ ಬಿಡಿ.

ಇಡೀ ಹಾಳೆಯಲ್ಲಿ ಒಂದು ಗೆರೆಯೂ ಬೀಳಲಿಲ್ಲ. ತಂದೆ ಕುಡಿಯುತ್ತಾನೆ ಎಂದವರು ಯಾರು? ದಿನಾಲೂ ಕುಡಿಯುತ್ತಾನೋ ಸಂತೆ ದಿನವೋ? ಕುಡಿದು ಬಂದಾಗ ಮಗು ಎಲ್ಲಿರುತ್ತದೆ? ತಾಯಿಯ ನಿರ್ಲಕ್ಷ್ಯ ಅಂದರೆ ಏನು: ಊಟ ಹಾಕುವುದಿಲ್ಲವೇ, ಶಾಲೆಗೆ ಕಳಿಸುವುದಿಲ್ಲವೇ, ಕೂಲಿಗೆ ಹೋಗುತ್ತಾಳೆ ಅನ್ನುವುದೇ ನಿರ್ಲಕ್ಷ್ಯವೇ? ಒಂದಕ್ಕೂ ಅಲ್ಲಿ ಉತ್ತರವಿಲ್ಲ. ಹಾಗಿದ್ದೂ ಕೊನೆಯ ಸಾಲಿನಲ್ಲಿ ಒಂದು ಮಗುವಿನ ಕೆಲವು ವರ್ಷಗಳು ನಿಶ್ಚಯವಾಗಿಬಿಟ್ಟಿದ್ದವು. ಅಂದಿನಿಂದ ನನ್ನ ಫೀಲ್ಡ್ ಪುಸ್ತಕದಲ್ಲಿ ಮೂರು ಕಾಲಂ: ಕಂಡದ್ದು, ಯಾರಿಂದ ಕೇಳಿದ್ದು, ನನಗನಿಸಿದ್ದು. ಮೂರನೆಯದನ್ನು ಅಳಿಸಬೇಕಾಗಿಲ್ಲ, ಮೊದಲ ಎರಡರೊಳಗೆ ನುಸುಳದಂತೆ ಕಾಯಬೇಕು.

ಕ್ಷೇತ್ರಕಾರ್ಯಕ್ಕೆ ನನ್ನನ್ನು ಹಾಕಿದ್ದು ಮಕ್ಕಳ ಕಲ್ಯಾಣ ಸಮಿತಿಗೆ. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರು, ತಿಂಗಳಿಗೆ ಕನಿಷ್ಠ 20 ದಿನ ಕೂರಬೇಕು. ಒಳಗೆ ಕೂರಲು ವಿಭಾಗದ ಪತ್ರ, ಸಮಿತಿಯ ಅನುಮತಿ, ಗೋಪ್ಯತೆ ಕಾಪಾಡುವ ಮುಚ್ಚಳಿಕೆ ಮೂರೂ ಬೇಕಾದವು. 74ನೇ ಸೆಕ್ಷನ್ ಪ್ರಕಾರ ಇಂಥ ಮಗುವಿನ ಗುರುತು ಸಿಗುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. ಮುಂದೆ ಹೇಳುವ ಹುಡುಗಿಯ ವಿಷಯದಲ್ಲೂ ವಯಸ್ಸು, ನಂಟು, ಕೆಲವು ಸಂಗತಿಗಳನ್ನು ಬದಲಿಸಿಯೇ ಬರೆಯುತ್ತಿದ್ದೇನೆ.

ಸುಮಾರು ಹನ್ನೆರಡರ ಹುಡುಗಿ. ತಾಯಿ ಇಲ್ಲ, ತಂದೆ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ. ಕಾರ್ಮಿಕ ಇಲಾಖೆಯ ದಾಳಿಯಲ್ಲಿ ಬೀಜದ ಪ್ಲಾಟಿನಲ್ಲಿ ಸಿಕ್ಕಿದ್ದಳು. ಮಾಲೀಕನ ಮೇಲಿನ ಪ್ರಕರಣ ಬೇರೆ ದಾರಿ ಹಿಡಿಯಿತು, ಹುಡುಗಿಯ ಸಾಮಾಜಿಕ ತನಿಖೆ ನನಗೆ ಬಂತು, ಮೇಲ್ವಿಚಾರಕರಾಗಿದ್ದ ಮೇಡಂ ಜೊತೆಗೆ. ಮನೆಗೆ ಹೋದಾಗ ಅಜ್ಜಿ ಮೊದಲು ಆಡಿದ ಮಾತು: 'ಯವ್ವಾ, ಕೂಸಿನ್ನ ಎಲ್ಲಿಗೂ ಒಯ್ಯಬ್ಯಾಡ್ರಿ.' ನಾವು ಒಯ್ಯಲು ಬಂದವರಲ್ಲ, ನೋಡಲು ಬಂದವರು ಎಂದು ಮೇಡಂ ಹೇಳಿ ಕಟ್ಟೆಯ ಮೇಲೆ ಕೂತರು. ಗಡಿಬಿಡಿ ಮಾಡಲಿಲ್ಲ. ಚಹಾ ಬಂತು, ಕುಡಿದೆವು. ಅಷ್ಟರಲ್ಲಿ ನಾನು ಏನೇನು ನೋಡಿದೆ ಎಂದು ಆಮೇಲೆ ಬಸ್ಸಿನಲ್ಲಿ ಕೇಳಿದರು. ಗೂಟಕ್ಕೆ ನೇತುಹಾಕಿದ ಶಾಲೆಯ ಚೀಲ, ಒಳಗೆ ಬೈಂಡು ಹಾಕಿದ ಪುಸ್ತಕ. ಡಬ್ಬಿಯಲ್ಲಿ ರೇಷನ್ ಅಕ್ಕಿ. ಪಕ್ಕದ ಮನೆಯವಳು ಕೇಳದೇ ಒಳಗೆ ಬಂದು ಚಹಾದ ಲೋಟ ತೊಳೆದಿಟ್ಟಳು. ಅಂದರೆ ಆ ಮನೆಯಲ್ಲಿ ಅವಳಿಗೆ ಬಳಕೆಯಿದೆ. ಅಜ್ಜಿ ಲೋಟ ಕೊಡುವಾಗ ನನ್ನ ಕೈ ತಡವಿ ಕೊಟ್ಟಳು, ಕಣ್ಣು ಮಂಜಾಗಿದೆ.

ಹುಡುಗಿಯ ಜೊತೆ ಮಾತಾಡಲು ನಮಗೆ ಕಲಿಸಿದ ಕೆಲವು ಕಟ್ಟುಪಾಡುಗಳಿದ್ದವು. ಹೌದು, ಇಲ್ಲ ಎಂದು ಮುಗಿದುಹೋಗುವ ಪ್ರಶ್ನೆ ಬೇಡ. ಉತ್ತರವನ್ನು ನಾವೇ ಬಾಯಿಗೆ ಹಾಕಬಾರದು. ಬೇರೆಯವರು ಆಗಲೇ ಕೇಳಿ ಬರೆದುಕೊಂಡದ್ದನ್ನು ಮತ್ತೆ ಕೆದಕಬಾರದು. 'ಯಾರಿಗೂ ಹೇಳಲ್ಲ' ಎಂದು ಮಾತು ಕೊಡಲೇಬಾರದು, ಯಾಕೆಂದರೆ ಮಗು ಲೈಂಗಿಕ ದೌರ್ಜನ್ಯದ ಸಂಗತಿ ಹೇಳಿದರೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಕೊಟ್ಟ ಮಾತನ್ನು ದೊಡ್ಡವರು ಮುರಿಯುವುದನ್ನು ಆ ಮಗು ಮೊದಲೇ ಸಾಕಷ್ಟು ನೋಡಿರುತ್ತದೆ. ಹಾಗಾಗಿ 'ನಿನ್ನ ದಿನ ಹೆಂಗ್ ಶುರು ಆಗ್ತದ, ಹೇಳು' ಎಂದಷ್ಟೇ ಕೇಳಿದೆ. ನೀರು, ಕಸ, ಒಲೆ, ಶಾಲೆ ಎಲ್ಲ ಹೇಳಿದಳು. ಬಾಲಮಂದಿರದ ಮಾತು ಬಂದಾಗ ಒಂದೇ ಸಾಲು: 'ಅಮ್ಮಗ ರಾತ್ರಿ ಕಣ್ಣ ಕಾಣಂಗಿಲ್ರಿ ಅಕ್ಕಾರ, ಒಲಿ ಯಾರು ಹಚ್ತಾರ?' ಅಮ್ಮ ಅಂದದ್ದು ಅಜ್ಜಿಗೆ.

ಈ ಸಾಲನ್ನು ಎಲ್ಲಿ ಬರೆಯಬೇಕು ಎನ್ನುವುದರ ಮೇಲೆ ನಾನೂ ಮೇಡಂ ಬಹಳ ಹೊತ್ತು ಮಾತಾಡಿದೆವು. ಅಜ್ಜಿಯ ಮೇಲಿನ ಪ್ರೀತಿ, ಮನೆಯಲ್ಲೇ ಇರುವ ಇಚ್ಛೆ ಎಂದು ಓದಬಹುದು. ಹನ್ನೆರಡರ ಮಗು ಮನೆಯ ದೊಡ್ಡವಳಾಗಿದ್ದಾಳೆ, ಪ್ಲಾಟಿಗೆ ಹೋದದ್ದರ ಹಿಂದೆಯೂ ಅದೇ ಇದೆ ಎಂದೂ ಓದಬಹುದು. ಒಂದನ್ನು ಬರೆದು ಇನ್ನೊಂದನ್ನು ಬಿಟ್ಟರೆ ಸಮಿತಿಗೆ ಅರ್ಧ ಮಗು ಮಾತ್ರ ಕಾಣುತ್ತದೆ. ನಮೂನೆ 22ರಲ್ಲಿ, ಅಂದರೆ ತನಿಖಾ ವರದಿಯ ನಿಗದಿತ ನಮೂನೆಯಲ್ಲಿ, ಅವಳ ಮಾತನ್ನು ಅವಳದೇ ಶಬ್ದಗಳಲ್ಲಿ ಬರೆದು, ಎರಡೂ ಓದುಗಳನ್ನು ಬೇರೆ ಬೇರೆಯಾಗಿ ಇಟ್ಟೆ. ಶಿಫಾರಸು ಅದರಿಂದ ತಾನಾಗಿ ಹೊರಟಿತು: ಹುಡುಗಿ ಅಜ್ಜಿಯ ಜೊತೆಗೇ ಇರಲಿ, ಅಜ್ಜಿಯ ಕಣ್ಣಿನ ತಪಾಸಣೆ ಜಿಲ್ಲಾ ಆಸ್ಪತ್ರೆಯಲ್ಲಿ ಆಗಲಿ, ತಂದೆಯನ್ನು ಸಮಿತಿ ಕರೆಸಿ ಮಾತಾಡಲಿ, ಹುಡುಗಿಯ ಹೆಸರು ಪ್ರಾಯೋಜಕತ್ವಕ್ಕೆ ಹೋಗಲಿ.

ಪ್ರಾಯೋಜಕತ್ವದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಹಳ್ಳಿಗಳಲ್ಲಿ ಇದು ಗೊತ್ತಿರುವವರು ಕಡಿಮೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಗ್ರಾಮೀಣ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು, ಬೇರೆ ಕಡೆ 96,000. ಕಡತ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಅನುಮೋದನಾ ಸಮಿತಿಗೆ ಹೋಗುತ್ತದೆ. ನಾಡಕಚೇರಿಯ ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಆಧಾರ್, ಶಾಲೆಯ ದಾಖಲೆ ಇವುಗಳಲ್ಲಿ ಒಂದರ ಹೆಸರು ಇನ್ನೊಂದಕ್ಕೆ ತಾಳೆಯಾಗದಿದ್ದರೆ ಕಡತ ಅಲ್ಲೇ ಕೂರುತ್ತದೆ. ನಮ್ಮ ಹುಡುಗಿಯದೂ ಕೂತಿತ್ತು; ಶಾಲೆಯಲ್ಲೊಂದು ಹೆಸರು, ಆಧಾರಿನಲ್ಲೊಂದು. ಕ್ಷೇತ್ರಕಾರ್ಯ ಅಂದರೆ ಬಹುಪಾಲು ಇದೇ, ತಿದ್ದುಪಡಿಯ ಅರ್ಜಿ ಹಿಡಿದು ಸರದಿಯಲ್ಲಿ ನಿಲ್ಲುವುದು. ಇದನ್ನು ಗುಮಾಸ್ತರ ಕೆಲಸ ಎಂದುಕೊಳ್ಳುವ ಸಮಾಜಕಾರ್ಯಕರ್ತರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಮಗು ಮನೆಯಲ್ಲಿ ಉಳಿಯುವುದು ಈ ಕಾಗದದ ಬಲದಿಂದಲೇ. ಕೊನೆಗೆ ಅವಳ ಹೆಸರಿಗೆ ಹಣ ಬಂತು, ಪ್ಲಾಟಿನ ಕೆಲಸ ನಿಂತಿತು.

ಅಪರಾಧದ ಆರೋಪ ಬಂದ ಮಕ್ಕಳ ಪ್ರಕರಣ ನೋಡುವ ಬಾಲನ್ಯಾಯ ಮಂಡಳಿಯಲ್ಲೂ ಕೆಲವು ದಿನ ಕೂತು ನೋಡಿದೆ. ಪರೀಕ್ಷೆ, ಕೇಸ್ ದಾಖಲೆಗಳ ಫೈಲು, ಕೊನೆಗೆ ಮೌಖಿಕ ಪರೀಕ್ಷೆ, ಇವು ಎಲ್ಲ ಕೋರ್ಸಿನಲ್ಲೂ ಇರುವಂಥವೇ. ಮೌಖಿಕದಲ್ಲಿ ಸೆಕ್ಷನ್ ನಂಬರ್ ಕೇಳಲಿಲ್ಲ. ನನ್ನ ವರದಿಯ ಒಂದೊಂದೇ ಸಾಲು ಓದಿ, 'ಇದು ನಿಮಗೆ ಹೇಗೆ ಗೊತ್ತು?' ಎಂದು ಕೇಳುತ್ತಾ ಹೋದರು. ಮೂರು ಕಾಲಮ್ಮಿನ ಪುಸ್ತಕ ಕೈಯಲ್ಲಿತ್ತು.

ಸರ್ಟಿಫಿಕೇಟಿನಿಂದ ಸಂಬಳ ಏರಿತೇ ಎಂದು ಈಗಲೂ ಕೇಳುತ್ತಾರೆ. ಇಲ್ಲ. ಮಕ್ಕಳ ರಕ್ಷಣಾ ಘಟಕದ ಹುದ್ದೆಗಳು ಹೆಚ್ಚಾಗಿ ಗುತ್ತಿಗೆಯವು. ಸಂದರ್ಶನದಲ್ಲಿ ಇದು ಒಂದು ತೂಕ ಕೊಡಬಹುದು, ಕೆಲಸವನ್ನೇ ಕೊಡಿಸುವುದಿಲ್ಲ. ಮಕ್ಕಳ ಕಲ್ಯಾಣದ ಕೆಲಸಕ್ಕೆ ನಮ್ಮಲ್ಲಿ ಲೈಸೆನ್ಸ್ ಅಂತೂ ಇಲ್ಲ, ಹಾಗಾಗಿ ಇದು ಅದರ ಬದಲಿಗೆ ಸಿಗುವಂಥದ್ದೂ ಅಲ್ಲ. ಬದಲಾದದ್ದು ಸಮಿತಿಯವರು ನನ್ನ ವರದಿಯನ್ನು ಓದುವ ರೀತಿ. ಕೊನೆಯ ಸಾಲಿಗೆ ಹಾರದೆ ನಡುವಿನ ಪುಟಗಳ ಮೇಲೆ ಪ್ರಶ್ನೆ ಕೇಳುತ್ತಾರೆ.

ಸೇರಬೇಕೆಂದಿರುವವರು ಅರ್ಜಿ ತುಂಬುವ ಮುಂಚೆ ಆ ವಿಭಾಗಕ್ಕೆ ಹೋಗಿ ಮೂರು ವಿಷಯ ವಿಚಾರಿಸಿ. ಕ್ಷೇತ್ರಕಾರ್ಯಕ್ಕೆ ಸಮಿತಿ ಅಥವಾ ರಕ್ಷಣಾ ಘಟಕದ ಅನುಮತಿಯನ್ನು ಅವರೇ ಕೊಡಿಸುತ್ತಾರೋ, ನೀವೇ ಅಲೆಯಬೇಕೋ? ನೀವು ಬರೆದ ವರದಿಯನ್ನು ಸಾಲು ಸಾಲಾಗಿ ಓದಿ ಹಿಂದಿರುಗಿಸುವ ಮೇಲ್ವಿಚಾರಕರು ಇದ್ದಾರೋ? ಕನ್ನಡದಲ್ಲಿ ವರದಿ ಬರೆಯಲು ಬಿಡುತ್ತಾರೋ? ಮೂರನೆಯದನ್ನು ಸಣ್ಣದೆಂದು ತಿಳಿಯಬೇಡಿ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ದಾಖಲಿಸುವ ಅಭ್ಯಾಸ ಅಲ್ಲೇ ಆಗಬೇಕು. ಎರಡನೆಯದಕ್ಕೆ ಉತ್ತರ ಇಲ್ಲ ಎಂದಾದರೆ ಆ ಕೋರ್ಸು ಬಿಟ್ಟು ಬೇರೆ ಹುಡುಕಿ.